ಏರ್‌ಪೋರ್ಟು ಬಸ್‌ಸ್ಟಾಪಾಗಿದ್ದ ಕಾಲ

ನಮ್ಮತ್ತೆ ಕೊನೇವರೆಗೂ "ಬೆಂಗ್ಳೂರ್ಗೆ ಹೋಗ್ಬತ್ತೀನಿ ಕಣಮ್ಮ" ಅಂತಲೇ ಹೇಳಿ ಹೊರಡ್ತಿದ್ದರು. ನಾವಿರೋದು ಕುಂದಲಹಳ್ಳಿ. ಮನೆ ಕಂದಾಯದ ಚೀಟಿ ಮೇಲೆ, ಕರೆಂಟು ಬಿಲ್ಲಿನ ಮೇಲೆ ಎಲ್ಲಾ ಕಡೆ ಬೆಂಗಳೂರು ಅಂತಲೇ ಬರುತ್ತೆ. ಆದರೆ ಅತ್ತೆ ಲೆಕ್ಕದಲ್ಲಿ ಬೆಂಗಳೂರು ಅಂದ್ರೆ ಮೆಜೆಸ್ಟಿಕ್ಕು, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ಟು, ಅಷ್ಟೇ. ಮಾರತ್ತಹಳ್ಳಿ ದಾಟಿ, ಎಚ್‌ಎಎಲ್ ದಾಟಿ, ದೊಮ್ಮಲೂರು ಬಂದ ಮೇಲೆ "ಇನ್ನೇನು ಬೆಂಗ್ಳೂರು ಬಂತು" ಅಂತ ಸೆರಗು ಸರಿ ಮಾಡ್ಕೊಳ್ಳೋರು. ನಮಗೂ ಬೆಂಗಳೂರಿಗೂ ನಡುವೆ ಏನಿತ್ತು ಅಂತ ಕೇಳಿದ್ರೆ, ಏರ್‌ಪೋರ್ಟಿತ್ತು! ವಿಮಾನ ಹತ್ತೋರು ಊರಾಚೆ ಹೋಗೋದು ಲೋಕದ ಪದ್ಧತಿ. ನಮಗೆ ಮಾತ್ರ ಏರ್‌ಪೋರ್ಟು ಊರೊಳಗೆ ಹೋಗೋ ದಾರೀಲಿ ಸಿಗ್ತಿತ್ತು.

ಈ ಸಲ ಅದನ್ನೇ ಬರೀತೀನಿ. ಏರ್‌ಪೋರ್ಟಿನಿಂದ ಸಿಟಿಗೆ ಸರ್ಕಾರಿ ಬಸ್ಸಲ್ಲಿ, ರೈಲಲ್ಲಿ ಬರೋದು ಯಾವ ಕಾಲಕ್ಕೆ ಹೇಗಿತ್ತು, ಈಗ ಹೇಗಿದೆ, ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಕಡೆಯ ನಮ್ಮಂಥೋರಿಗೆ ಅದರಿಂದ ಏನಾಯ್ತು ಅಂತ. ಮಗ ಪುಣೆ ಸೇರಿದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಈ ದಾರಿ ನನ್ನ ಪಾಲಿಗೆ ಬರುತ್ತೆ. ಹಪ್ಪಳ, ಹುರಿಗಾಳು, ಚಟ್ನಿಪುಡಿ ಕಟ್ಟಿಕೊಟ್ಟು ಕಳಿಸೋಳು ನಾನು ತಾನೆ.

ಮೊದಲು ಹಳೇ ಏರ್‌ಪೋರ್ಟಿನ ಕತೆ. 1940ರ ಡಿಸೆಂಬರಲ್ಲಿ ವಾಲ್‌ಚಂದ್ ಹೀರಾಚಂದ್ ಅನ್ನೋ ಉದ್ಯಮಿ ಮೈಸೂರು ಸರ್ಕಾರದ ಜೊತೆ ಸೇರ್ಕೊಂಡು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಆಗ ದಿವಾನರಾಗಿದ್ದೋರು ಸರ್ ಮಿರ್ಜಾ ಇಸ್ಮಾಯಿಲ್. ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಹಾಕ್ತು, ಏಳುನೂರು ಎಕರೆ ಜಾಗ ಕೊಡ್ತು. ಎರಡನೇ ಮಹಾಯುದ್ಧದ ಕಾಲ ಅದು. ಅಮೆರಿಕದ ಸೈನ್ಯದವರು ಬಂದು ಇಲ್ಲೇ ವಿಮಾನ ರಿಪೇರಿ ಮಾಡಿಸ್ಕೋತಿದ್ದರು. ವಿಮಾನ ಕಟ್ಟಬೇಕಾದ್ರೆ ಹಾರಿಸಿ ನೋಡೋದಕ್ಕೆ ಓಡುದಾರಿ ಬೇಕಲ್ಲ, ಅದಕ್ಕೆ ಮಾಡಿದ ರನ್‌ವೇ ಅದು. ಪ್ರಯಾಣಿಕರು ಹತ್ತಿ ಇಳಿಯೋದು ಆಮೇಲೆ ಬಂದು ಸೇರ್ಕೊಂಡ ಕೆಲಸ. ಹಾಗಾಗಿ ಆ ಏರ್‌ಪೋರ್ಟಿನ ಯಜಮಾನ ಯಾವತ್ತೂ ಕಾರ್ಖಾನೆಯೇ. ಸುತ್ತ ಬೆಳೆದ ಕಾಲೋನಿಗೆ, ಪೋಸ್ಟಾಫೀಸಿಗೆ ವಿಮಾನಪುರ ಅಂತ ಹೆಸರು ಬಂತು. ಎಷ್ಟು ಚಂದದ ಹೆಸರು ನೋಡಿ! ಈಗಿನವರಾಗಿದ್ರೆ ಏರೋ ಅಂತ ಶುರುವಾಗೋ ಯಾವುದಾದರೂ ಇಂಗ್ಲಿಷ್ ಹೆಸರಿಡ್ತಿದ್ದರು.

ವಿಶೇಷ ಅಂದ್ರೆ ಬೆಂಗಳೂರಿನ ಬಸ್ಸೂ ಅದೇ 1940ರಲ್ಲಿ ಹುಟ್ಟಿದ್ದು. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಅಂತ ಖಾಸಗಿಯವರು ಶುರು ಮಾಡಿದ್ದನ್ನ 1956ರಲ್ಲಿ ಸರ್ಕಾರ ವಹಿಸ್ಕೊಂಡು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವೀಸ್ ಮಾಡ್ತು. ಅದೇ ನಮ್ಮ ಬಿಟಿಎಸ್ಸು. "ಬಿಟ್ರೆ ತಿರುಗಾ ಸಿಗಲ್ಲ" ಅಂತ ಜನ ಅದಕ್ಕೆ ಅರ್ಥ ಹೇಳ್ತಿದ್ದಿದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತೆ. 1997ರ ಆಗಸ್ಟ್ 15ಕ್ಕೆ ಅದು ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ ಬಿಎಂಟಿಸಿ ಆಯ್ತು. ವಿಮಾನದ ಕಾರ್ಖಾನೆ, ಬಸ್ಸು ಎರಡೂ ಒಂದೇ ವರ್ಷದ ಕೂಸುಗಳು. ಒಂದರ ಬಾಗಿಲಿಗೆ ಇನ್ನೊಂದು ದಿನಾ ಬಂದು ನಿಲ್ತಿತ್ತು.

ನಾನು 1991ರಲ್ಲಿ ಮದುವೆಯಾಗಿ ಮಾಲೂರು ಕಡೆಯಿಂದ ಇಲ್ಲಿಗೆ ಬಂದೆ. ನಮ್ಮನೆಯವರಿಗೆ ವೈಟ್‌ಫೀಲ್ಡ್ ರಸ್ತೆಯ ಒಂದು ಸಣ್ಣ ಕಾರ್ಖಾನೇಲಿ ಕೆಲಸ. ಆಗ ನಮ್ಮ ಕಡೆಯಿಂದ ಮೆಜೆಸ್ಟಿಕ್‌ಗೆ 335 ಅಂತ ಶುರುವಾಗೋ ನಂಬರಿನ ಬಸ್ಸುಗಳು. ಕಾಡುಗೋಡಿ ಕಡೆಯಿಂದ ಬಂದು, ಕುಂದಲಹಳ್ಳಿ ಗೇಟು, ಮಾರತ್ತಹಳ್ಳಿ, ಎಚ್‌ಎಎಲ್, ಮುರುಗೇಶಪಾಳ್ಯ, ಕೋಡಿಹಳ್ಳಿ, ದೊಮ್ಮಲೂರು, ಆಮೇಲೆ ಕಾರ್ಪೊರೇಷನ್, ಮೆಜೆಸ್ಟಿಕ್. ಈಗಲೂ 335ಇ ಓಡ್ತಾ ಇದೆ, ಹತ್ತಿ ನೋಡಿ. ಆ ಬಸ್ಸಲ್ಲಿ ಇರ್ತಿದ್ದೋರು ಯಾರು? ಕಾರ್ಖಾನೆಯ ಶಿಫ್ಟಿನವರು, ಸೊಪ್ಪಿನ ಮೂಟೆ ಹೊತ್ತು ಮಾರ್ಕೆಟ್ಟಿಗೆ ಹೋಗೋ ಹೆಂಗಸರು, ಕಾಲೇಜು ಹುಡುಗ್ರು, ಸಾಸಿವೆ ಎಣ್ಣೆ ವಾಸನೆ ಹೊಡೆಯೋ ಏರ್‌ಫೋರ್ಸಿನ ಉತ್ತರದ ಕಡೆಯ ಹುಡುಗ್ರು. ಅವರ ಮಧ್ಯೆ ಒಂದು ಸೂಟ್‌ಕೇಸು ಹಿಡ್ಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಒಬ್ರೋ ಇಬ್ರೋ ನಿಂತಿರೋರು. ಕಂಡಕ್ಟರು "ಏರ್‌ಪೋರ್ಟ್ ಯಾರ್ರೀ ಇಳಿಯೋರು, ಬೇಗ ಬೇಗ" ಅಂತ ಕೂಗಿದ್ರೆ ಅವರು ಇಳಿದು, ರಸ್ತೆಯಿಂದ ಒಳಕ್ಕೆ ನಾಲ್ಕು ಹೆಜ್ಜೆ ನಡೆದ್ರೆ ಮುಗೀತು. ಚಿಲ್ಲರೆ ಕಾಸಿನ ಟಿಕೆಟ್ಟು. ಸೊಪ್ಪಿನ ಮೂಟೆಗೂ ಸೂಟ್‌ಕೇಸಿಗೂ ಒಂದೇ ಮರ್ಯಾದೆ, ಇಬ್ಬರಿಗೂ ಕಂಡಕ್ಟರ ಬೈಗುಳ ಒಂದೇ.

ನಮ್ಮ ಮೈದುನ ಕಂಪನಿ ಕೆಲಸದ ಮೇಲೆ ಮೊದಲ ಸಲ ಬೊಂಬಾಯಿಗೆ ವಿಮಾನದಲ್ಲಿ ಹೊರಟಾಗ ಮನೆಮಂದಿಯೆಲ್ಲ ಆ ಬಸ್ಸಲ್ಲೇ ಹೋಗಿ ಕಳಿಸಿ ಬಂದ್ವಿ. ಅತ್ತೆ ಒಂದು ಡಬ್ಬಿ ಮೊಸರನ್ನ ಕೊಟ್ಟು, "ಮೇಲೆ ಹೋದಾಗ ಹೊಟ್ಟೆ ತೊಳಸಿದ್ರೆ ತಿನ್ನು" ಅಂದರು. ವಾಪಸ್ ಬರ್ತಾ ಬಸ್‌ಸ್ಟಾಪಲ್ಲೇ ಕಡಲೆಕಾಯಿ ಕೊಂಡು ತಿಂದ್ಕೊಂಡು ಬಂದ್ವಿ. ಹೋಗಿ ಬರೋಕೆ ಒಟ್ಟು ಎರಡು ಗಂಟೆ ಹಿಡಿದಿರಬೇಕು. ಸಂಜೆ ಅಡಿಗೆಗೆ ಹೊತ್ತಿತ್ತು.

ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಆ ಏರ್‌ಪೋರ್ಟಿಗೆ ಅಂತ ಯಾರೂ ಬಸ್ಸು ಹಾಕಿರಲಿಲ್ಲ. ಬಸ್ಸು ಓಡ್ತಿದ್ದಿದ್ದು ಕಾರ್ಖಾನೆ ಜನಕ್ಕೆ, ಹಳ್ಳಿ ಜನಕ್ಕೆ. ಆ ದಾರೀಲಿ ಏರ್‌ಪೋರ್ಟೂ ಇತ್ತು ಅಷ್ಟೇ. ಏರ್‌ಪೋರ್ಟಿಗೆ ಬಸ್ಸು ಹಾಕೋದೇ ಬೇರೆ, ಬಸ್ಸಿನ ದಾರೀಲಿ ಏರ್‌ಪೋರ್ಟು ಇರೋದೇ ಬೇರೆ. ಮುಂದಿನ ಕತೆಯೆಲ್ಲ ಈ ವ್ಯತ್ಯಾಸದ ಮೇಲೇ ನಿಂತಿದೆ ಅಂತ ನನಗನ್ಸುತ್ತೆ.

ದೇವನಹಳ್ಳಿ ಮಾತು ಬಂದಿದ್ದು ನನ್ನ ಮದುವೆಯ ವರ್ಷವೇ. 1991ರಲ್ಲಿ ಒಂದು ಸಮಿತಿ ಕೂತು, ಹೊಸ ಏರ್‌ಪೋರ್ಟಿಗೆ ದೇವನಹಳ್ಳಿ ಸರಿ ಅಂತ ಹೇಳ್ತು. ಟಿಪ್ಪು ಹುಟ್ಟಿದ ಊರು, ಚಕ್ಕೋತಕ್ಕೆ ಹೆಸರಾದ ಊರು. 1994ರಲ್ಲಿ ಕೇಂದ್ರ ಸರ್ಕಾರ ಒಪ್ಕೊಳ್ತು. ಆಮೇಲೆ ಟಾಟಾದವರು, ಅಮೆರಿಕದ ರೇಥಿಯಾನಿನವರು, ಸಿಂಗಾಪುರದ ಚಾಂಗಿಯವರು ಸೇರಿ ಕಟ್ತೀವಿ ಅಂತ ಬಂದು, ತಡ ಆಗಿ ಆಗಿ ಬೇಸತ್ತು 1998ರಲ್ಲಿ ಕೈಬಿಟ್ರು. ಕೊನೆಗೆ ಸೀಮೆನ್ಸ್, ಜ್ಯೂರಿಕ್ ಏರ್‌ಪೋರ್ಟ್, ಎಲ್ ಅಂಡ್ ಟಿ ಗುಂಪಿಗೆ ಹೋಗಿ, 2004ರಲ್ಲಿ ಒಪ್ಪಂದ ಆಗಿ, 2005ರ ಜುಲೈನಲ್ಲಿ ಕಟ್ಟೋ ಕೆಲಸ ಶುರುವಾಯ್ತು. ಹದಿನಾಲ್ಕು ವರ್ಷ! ಮನೆ ಕಟ್ಟೋಕೆ ಹೊರಟ ನಮ್ಮ ಭಾವನವರ ಕತೆಯೂ ಹೀಗೇ ಆಗಿತ್ತು, ಆದರೆ ಅವರ ಹತ್ರ ದುಡ್ಡಿರಲಿಲ್ಲ.

ಇಷ್ಟರಲ್ಲಿ ಹಳೇ ಏರ್‌ಪೋರ್ಟು ತುಂಬಿ ತುಳುಕ್ತಿತ್ತು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರು ಏರ್ ಡೆಕ್ಕನ್ ಶುರು ಮಾಡಿದ ಮೇಲೆ ವಿಮಾನ ಅನ್ನೋದು ಸೂಟು ಬೂಟಿನವರ ಸ್ವತ್ತಾಗಿ ಉಳೀಲಿಲ್ಲ. ನಮ್ಮ ಬೀದಿಯ ಟೈಲರ್ ಕೂಡ ತಂಗಿ ಮದುವೆಗೆ ವಿಮಾನದಲ್ಲಿ ಹೋಗಿ ಬಂದ. 2007-08ರ ಹೊತ್ತಿಗೆ ವರ್ಷಕ್ಕೆ ಒಂದು ಕೋಟಿ ಜನ ಆ ಸಣ್ಣ ಕಟ್ಟಡದಲ್ಲಿ ಹಾದು ಹೋದರು. ಏರ್‌ಪೋರ್ಟ್ ರೋಡಲ್ಲಿ ಬಸ್ಸು ಆಮೆ ಥರ ಹೋಗ್ತಿತ್ತು. ಐಟಿ ಕಂಪನಿಗಳು ಬಂದು ನಮ್ಮ ಕಡೆಯೂ ರಷ್ಷು, ಸಿಟಿ ಕಡೆಯೂ ರಷ್ಷು. ಅದೇ ಕಾಲಕ್ಕೆ, 2006ರಲ್ಲಿ, ಬಿಎಂಟಿಸಿಯವರು ಎಸಿ ವೋಲ್ವೋ ಬಸ್ಸು ಬಿಟ್ಟರು. ವಜ್ರ ಅಂತ ಹೆಸರು. ಕೆಂಪಗೆ ಮಿರಮಿರ ಮಿಂಚ್ತಿತ್ತು. ಕಂಪನಿ ಹುಡುಗ್ರು ಅದಕ್ಕೆ ಕಾಯ್ತಾ ನಿಲ್ಲೋರು, ನಾವು ಹಿಂದೆ ಬರೋ ಮಾಮೂಲಿ ಬಸ್ಸಿಗೆ. ಒಂದೇ ಸ್ಟಾಪಲ್ಲಿ ಎರಡು ಸಾಲಾಯ್ತು.

2008ರ ಮೇ 24, ನಡುರಾತ್ರಿ. ಹೊಸ ಏರ್‌ಪೋರ್ಟು ಶುರು, ಹಳೇದು ಸಾಮಾನ್ಯ ಪ್ರಯಾಣಿಕರ ವಿಮಾನಕ್ಕೆ ಬಂದ್. ಹಳೇದನ್ನೂ ಉಳಿಸಿ ಅಂತ ಎಷ್ಟೋ ಜನ ಗಲಾಟೆ ಮಾಡಿದರು. ಆದರೆ ಒಪ್ಪಂದದಲ್ಲೇ ಬರೆದಿದ್ರು: ನೂರೈವತ್ತು ಕಿಲೋಮೀಟರ್ ಒಳಗೆ ಇನ್ನೊಂದು ಏರ್‌ಪೋರ್ಟ್ ನಡೆಸೋ ಹಾಗಿಲ್ಲ ಅಂತ. ಕಾಗದದ ಮುಂದೆ ಕೂಗು ನಡೆಯುತ್ತಾ? ಒಂದೇ ರಾತ್ರೀಲಿ ನಮ್ಮನೆಯಿಂದ ಆರು ಕಿಲೋಮೀಟರಲ್ಲಿದ್ದ ಏರ್‌ಪೋರ್ಟು ನಲವತ್ತು ಕಿಲೋಮೀಟರ್ ಆಚೆ ಹೋಯ್ತು. ಮೆಜೆಸ್ಟಿಕ್ಕಿಂದಲೂ ಮೂವತ್ತೈದು ಕಿಲೋಮೀಟರು. ಎಲೆಕ್ಟ್ರಾನಿಕ್ ಸಿಟಿಯಿಂದಂತೂ ಐವತ್ತರ ಮೇಲೆ, ಊರಿನ ಈ ತುದಿಯಿಂದ ಆ ತುದಿ. ಮಾರನೇ ದಿನ 335 ಬಸ್ಸು ಎಂದಿನ ಹಾಗೆ ಎಚ್‌ಎಎಲ್ ಮುಂದೆ ನಿಲ್ತು, ಸೂಟ್‌ಕೇಸಿನವರು ಒಬ್ಬರೂ ಇಳೀಲಿಲ್ಲ. ರಸ್ತೆ ಹೆಸರು ಮಾತ್ರ ಹಾಗೇ ಇದೆ, ಮುಂದೆ "ಹಳೇ" ಸೇರ್ಕೊಂಡಿದೆ ಅಷ್ಟೇ. ಇವತ್ತಿಗೂ ಹೊಸಬರು ಯಾರಾದ್ರೂ "ಏರ್‌ಪೋರ್ಟ್ ರೋಡ್" ಅಂತ ಆಟೋ ಹತ್ತಿದ್ರೆ ಡ್ರೈವರು "ಹಳೇದಾ ಹೊಸದಾ" ಅಂತ ಕೇಳ್ತಾರೆ.

ಹೊಸ ಏರ್‌ಪೋರ್ಟು ಶುರುವಾದ ಜೊತೆಗೇ ಬಿಎಂಟಿಸಿ ಅದಕ್ಕೆ ಅಂತಲೇ ಎಸಿ ಬಸ್ಸು ಹಾಕ್ತು. ವಾಯು ವಜ್ರ. ಒಳ್ಳೆ ಹೆಸರು, ಒಳ್ಳೆ ಬಸ್ಸು, ಇದನ್ನ ನಾನು ಮನಸಾರೆ ಹೇಳ್ತೀನಿ. ಲಗೇಜಿಗೆ ಬೇರೆ ಕಟಾಂಜನ, ಮೆಟ್ಟಿಲು ಎತ್ತರ ಇಲ್ಲ, ಮಂಡಿನೋವಿನವರೂ ಹತ್ತಬಹುದು, ರಾತ್ರೀನೂ ಓಡುತ್ತೆ. ಮೊದಲು ಬೋರ್ಡಿನ ಮೇಲೆ ಬಿಐಎಎಸ್ ಅಂತ ಇರ್ತಿತ್ತು. 2013ರಲ್ಲಿ ಏರ್‌ಪೋರ್ಟಿಗೆ ಕೆಂಪೇಗೌಡರ ಹೆಸರಿಟ್ಟ ಮೇಲೆ ಕೆಐಎ ಅಂತಾಯ್ತು. ಕೆಐಎ-9 ಹತ್ತಿದ್ರೆ ಮೆಜೆಸ್ಟಿಕ್ಕು, ಕೆಐಎ-8 ಹತ್ತಿದ್ರೆ ಎಲೆಕ್ಟ್ರಾನಿಕ್ ಸಿಟಿ. ವೈಟ್‌ಫೀಲ್ಡ್, ಕಾಡುಗೋಡಿ ಕಡೆಗೂ ಇದೆ. ಏರ್‌ಪೋರ್ಟಿನ ಬಾಗಿಲಿಂದ ಆಚೆ ಬಂದ್ರೆ ಬಸ್ಸು ನಿಂತಿರುತ್ತೆ, ಬೋರ್ಡ್ ಓದಿ ಹತ್ತಿ ಕೂತ್ಕೊಳ್ಳೋದೇ.

ಟಿಕೆಟ್ಟು ಮಾತ್ರ ಮಾಮೂಲಿ ಬಸ್ಸಿನ ಹತ್ತಿರಕ್ಕೂ ಬರೋದಿಲ್ಲ. ಒಬ್ಬನೇ ಬ್ಯಾಗ್ ಹಾಕ್ಕೊಂಡು ಬರೋ ಕೆಲಸದ ಹುಡುಗನಿಗೆ ಅದು ಸಸ್ತಾ, ಟ್ಯಾಕ್ಸಿಗಿಂತ ಎಷ್ಟೋ ಮೇಲು. ಮೂರು ಜನ ಮನೆಯವರು ಕರ್ಕೊಂಡು ಬರೋಕೆ ಅಂತ ಹೋದ್ರೆ ಹೋಗ್ತಾ ಮೂರು, ಬರ್ತಾ ನಾಲ್ಕು ಟಿಕೆಟ್ಟು, ಲೆಕ್ಕ ಹಾಕಿ ನೋಡಿ. ಹಾಗಾಗಿ ಏರ್‌ಪೋರ್ಟಿಗೆ ಮನೆಮಂದಿಯೆಲ್ಲ ಹೋಗಿ ಕಳಿಸಿಬರೋದು, ಕಡಲೆಕಾಯಿ ತಿಂದ್ಕೊಂಡು ವಾಪಸ್ ಬರೋದು ನಿಂತೇ ಹೋಯ್ತು. ಈಗ ಬಾಗಿಲಲ್ಲೇ ಟಾಟಾ. ಮಗ ಕ್ಯಾಬು ಹತ್ತಿ ಹೋಗ್ತಾನೆ, ನಾನು ಗೇಟು ಹಾಕ್ಕೊಂಡು ಒಳಗೆ ಬರ್ತೀನಿ.

ಟ್ಯಾಕ್ಸಿಯವರ ಕತೆ ಒಂದು ಹೇಳಲೇಬೇಕು. ಹೊಸ ಏರ್‌ಪೋರ್ಟಿನ ಮೊದಲ ಒಂದೆರಡು ವರ್ಷದಲ್ಲಿ, ಆ್ಯಪ್ ಗೀಪ್ ಇಲ್ಲದ ಕಾಲ, ಮೈದುನ ರಾತ್ರಿ ಎರಡು ಗಂಟೆಗೆ ಇಳಿದ. ಹೊರಗೆ ಒಬ್ಬ ಡ್ರೈವರು ಮಾರತ್ತಹಳ್ಳಿಗೆ ಅಂತ ಒಂದು ರೇಟು ಹೇಳಿ ಹತ್ತಿಸ್ಕೊಂಡ. ಹೆಬ್ಬಾಳ ಬಂದ ಮೇಲೆ ಗಾಡಿ ನಿಲ್ಲಿಸಿ, "ಮಾರತ್ತಹಳ್ಳಿ ಅಂದ್ರೆ ಬ್ರಿಡ್ಜ್ ತನಕ, ಕುಂದಲಹಳ್ಳಿ ಬೇರೆ" ಅಂತ ಇನ್ನೊಂದಿಷ್ಟು ಕೇಳಿದ. ಆ ದುಡ್ಡಲ್ಲಿ ನಮ್ಮನೆಗೆ ಹದಿನೈದು ದಿನದ ದಿನಸಿ ಬರ್ತಿತ್ತು. ಅವತ್ತಿಂದ ನಮ್ಮನೆಯವರು "ಯಾರೇ ಬರಲಿ, ಎಷ್ಟೊತ್ತಿಗೇ ಬರಲಿ, ಬಸ್ಸಲ್ಲೇ ಬರಬೇಕು" ಅಂತ ಕಾನೂನು ಮಾಡಿಬಿಟ್ರು. ಅವರು ಮಾಡಿದ ಕಾನೂನುಗಳಲ್ಲಿ ನಾನು ಪೂರ್ತಿ ಒಪ್ಪಿದ್ದು ಇದೊಂದೇ.

ಇಲ್ಲಿ "ಸಿಟಿಯ ನಡುಮಧ್ಯ" ಅನ್ನೋ ಮಾತಿನ ಬಗ್ಗೆ ಸ್ವಲ್ಪ. ಬೇರೆ ಊರಿಂದ ಬಂದೋರು ಏರ್‌ಪೋರ್ಟಲ್ಲಿ ಇಳಿದ ತಕ್ಷಣ ಸಿಟಿ ಸೆಂಟರಿಗೆ ಹೇಗೆ ಹೋಗೋದು ಅಂತ ಕೇಳ್ತಾರೆ. ಯಾವ ಸೆಂಟರು? ಬೆಂಗಳೂರಿಗೆ ಮೊದಲಿಂದ ಎರಡು ನಡುಮಧ್ಯ. ಕೆಂಪೇಗೌಡರು ಕಟ್ಟಿದ ಪೇಟೆ ಒಂದು, ಬ್ರಿಟಿಷರು ಕಟ್ಟಿದ ದಂಡು ಇನ್ನೊಂದು. ಬಸ್ಸಿನವರಿಗೆ ನಡುಮಧ್ಯ ಅಂದ್ರೆ ಮೆಜೆಸ್ಟಿಕ್ಕು. ಒಂದು ಸಿನಿಮಾ ಟಾಕೀಸಿನ ಹೆಸರು ಇಡೀ ಏರಿಯಾಗೆ ಬಂದಿದ್ದು, ಬಸ್‌ಸ್ಟ್ಯಾಂಡ್ ನಿಂತಿರೋದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಾಲೇಜಿನವರಿಗೆ ಎಂ.ಜಿ. ರೋಡು. ನಮ್ಮ ಕಡೆ ವಿಮಾನ ಇಳಿದು ಬರೋ ಜನಕ್ಕೆ ಈ ಎರಡೂ ಬೇಕಾಗೇ ಇಲ್ಲ. ಅವರಿಗೆ ಬೇಕಾಗಿರೋದು ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ. ಅನ್ನ ಹುಟ್ಟೋ ಜಾಗಗಳು ಊರ ಅಂಚಿನಲ್ಲಿವೆ. ಅಂಚಿನಿಂದ ಅಂಚಿಗೆ ಕರ್ಕೊಂಡು ಹೋಗೋದು ಔಟರ್ ರಿಂಗ್ ರೋಡು. ಅಲ್ಲಿ ಓಡೋ 500ಡಿ ಬಸ್ಸು ಸಿಲ್ಕ್ ಬೋರ್ಡಿಂದ ಮಾರತ್ತಹಳ್ಳಿ ಮೇಲೆ ಹೆಬ್ಬಾಳಕ್ಕೆ ಹೋಗುತ್ತೆ. ಅತ್ತೆಗೆ 335 ಹೇಗೋ ನನಗೆ 500ಡಿ ಹಾಗೆ.

ಪೀಣ್ಯದಲ್ಲಿ ನನ್ನ ತಂಗಿ ಇದಾಳೆ. ಅವಳ ಮಗಳಿಗೆ ಏರ್‌ಪೋರ್ಟಲ್ಲೇ ಕೆಲಸ, ಪ್ರಯಾಣಿಕರ ಬ್ಯಾಗು ತೂಗೋ ಕೌಂಟರಲ್ಲಿ. ಅವಳಿಗೆ ಕಂಪನಿ ಗಾಡಿ ಬರುತ್ತೆ. ಗಾಡಿ ಇಲ್ಲದ ದಿನ ರಿಂಗ್ ರೋಡಲ್ಲಿ ಗೊರಗುಂಟೆಪಾಳ್ಯ ಮೇಲೆ ಹೆಬ್ಬಾಳಕ್ಕೆ ಬಂದು ಅಲ್ಲಿ ಏರ್‌ಪೋರ್ಟ್ ಬಸ್ಸು ಹತ್ತಬೇಕು. ಪೀಣ್ಯ ಅಂದ್ರೆ ಏಷ್ಯಾದಲ್ಲೇ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಅಂತ ಹೇಳ್ಕೊಳ್ತಾರೆ. ಲೇತ್ ಮೆಷಿನ್ನು, ಗಾರ್ಮೆಂಟ್ಸು, ಬಿಡಿಭಾಗ ಏನು ಕೇಳಿದ್ರೂ ಅಲ್ಲಿ ಮಾಡ್ತಾರೆ. ಮೆಟ್ರೋ ಕೂಡ ಅಲ್ಲಿಗೆ ಬೇಗ ಬಂತು, 2014ರಲ್ಲೇ. ಏರ್‌ಪೋರ್ಟಿಗೆ ಹೋಗೋಕೆ ಮಾತ್ರ ಇವತ್ತಿಗೂ ಹೆಬ್ಬಾಳದ ಮೇಲ್ಸೇತುವೆ ಕೆಳಗೆ ನಿಂತ್ಕೋಬೇಕು.

ಹೆಬ್ಬಾಳ! ಈ ಕತೆಯಲ್ಲಿ ಎಲ್ಲರೂ ಬಂದು ಸಿಕ್ಕಿಹಾಕ್ಕೊಳ್ಳೋ ಜಾಗ ಅದು. ಹೆಬ್ಬಾಳದ ಆಚೆಗೆ ಬಳ್ಳಾರಿ ರಸ್ತೆಗೆ ಮೇಲುರಸ್ತೆ ಮಾಡಿದ ಮೇಲೆ, 2014ರಿಂದ, ಆಚೆ ಕಡೆ ಬಸ್ಸು ಹಾರಿದ ಹಾಗೇ ಹೋಗುತ್ತೆ. ಈಚೆ ಕಡೆ ಮಾತ್ರ ನಾವು ನಿಂತಲ್ಲೇ. ದಾರೀಲಿ ಜಕ್ಕೂರಿನ ಹಳೇ ವಿಮಾನ ಶಾಲೆ, ಯಲಹಂಕದ ವಾಯುಪಡೆ ನೆಲೆ ಸಿಗುತ್ತೆ. ಒಂದು ಏರ್‌ಪೋರ್ಟಿಗೆ ಹೋಗೋ ದಾರೀಲಿ ಇನ್ನೆರಡು ಓಡುದಾರಿ.

ರೈಲಿನ ವಿಷಯಕ್ಕೆ ಬಂದ್ರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ. ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ನೂರು ವರ್ಷದ ಹಿಂದೆಯೇ ಸಣ್ಣ ಗೇಜಿನ ರೈಲು ಹಳಿ ಇತ್ತು, ಆಮೇಲೆ ಅದು ದೊಡ್ಡ ಗೇಜೂ ಆಯ್ತು. ಏರ್‌ಪೋರ್ಟ್ ಕಾಂಪೌಂಡಿನ ಪಕ್ಕದಲ್ಲೇ ಹಾದು ಹೋಗುತ್ತೆ. ಹಳಿ ಇತ್ತು, ರೈಲಿತ್ತು, ಏರ್‌ಪೋರ್ಟೂ ಬಂತು, ಇಳಿಯೋಕೆ ಒಂದು ನಿಲ್ದಾಣ ಮಾತ್ರ ಇರಲಿಲ್ಲ. ಅದು ಬಂದಿದ್ದು 2021ರ ಜನವರಿ 4ಕ್ಕೆ. ಹನ್ನೆರಡೂವರೆ ವರ್ಷ! ಮದ್ರಾಸಿನವರನ್ನ ನೋಡಿ, ಅವರ ಏರ್‌ಪೋರ್ಟಿನ ಎದುರಿಗೇ ತಿರುಸೂಲಂ ಅಂತ ಲೋಕಲ್ ರೈಲು ನಿಲ್ದಾಣ ಯಾವತ್ತಿನಿಂದಲೂ ಇದೆ, ರಸ್ತೆ ದಾಟಿದ್ರೆ ಸಾಕು. ದೆಹಲಿಯವರು 2011ರಲ್ಲೇ ಏರ್‌ಪೋರ್ಟಿಗೆ ಅಂತಲೇ ಬೇರೆ ರೈಲು ಮಾಡ್ಕೊಂಡ್ರು. ನಮ್ಮಲ್ಲೂ ಎಂ.ಜಿ. ರೋಡಿನ ಹತ್ರದಿಂದ ಅತಿವೇಗದ ರೈಲು ಬಿಡ್ತೀವಿ ಅಂತ ವರ್ಷಗಟ್ಟಲೆ ಪೇಪರಲ್ಲಿ ಬರ್ತಿತ್ತು. ಆಮೇಲೆ ಆ ಸುದ್ದೀನೂ ನಿಂತು ಹೋಯ್ತು.

ಆ ನಿಲ್ದಾಣಕ್ಕೆ ನಾನೂ ಒಂದು ಸಲ ಹೋಗಿ ಬಂದಿದೀನಿ. ಮೆಜೆಸ್ಟಿಕ್ಕಿನ ರೈಲ್ವೆ ಸ್ಟೇಷನ್ನಿಂದ ಹೊರಟು, ಹತ್ತು ಹದಿನೈದು ರೂಪಾಯಿ ಟಿಕೆಟ್ಟು, ಕಿಟಕಿಯಾಚೆ ದ್ರಾಕ್ಷಿ ತೋಟ, ಹಳೇ ಕಲ್ಲು ಕಟ್ಟಡದ ದೊಡ್ಡಜಾಲ ಸ್ಟೇಷನ್ನು. ಇಳಿದ ಮೇಲೆ ಟರ್ಮಿನಲ್ಲಿಗೆ ಕರ್ಕೊಂಡು ಹೋಗೋ ಬಸ್ಸು. ಎಷ್ಟು ಚೆನ್ನಾಗಿತ್ತು ಗೊತ್ತಾ! ಆದರೆ ದಿನಕ್ಕೆ ನಾಲ್ಕಾರು ರೈಲು. ವಿಮಾನದ ಟೈಮಿಗೂ ರೈಲಿನ ಟೈಮಿಗೂ ಜಾತಕ ಕೂಡೋದು ಕಷ್ಟ. ಏರ್‌ಪೋರ್ಟಲ್ಲಿ ಕೆಲಸ ಮಾಡೋರಿಗೆ ಶಿಫ್ಟಿಗೆ ಹೊಂದಿದ್ರೆ ಸರಿ, ನಮ್ಮಂಥೋರಿಗೆ ಅದು ನೋಡಿಬರೋ ರೈಲು.

ಸಬರ್ಬನ್ ರೈಲು ಅಂತ ಇನ್ನೊಂದು ಮಾಡ್ತಿದಾರೆ. ನಾಲ್ಕು ದಾರಿಗೂ ಹೂವಿನ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ದೇವನಹಳ್ಳಿಗೆ ಹೋಗೋದು ಸಂಪಿಗೆ. ನಮ್ಮ ವೈಟ್‌ಫೀಲ್ಡಿಗೆ ಪಾರಿಜಾತ. ಎಲೆಕ್ಟ್ರಾನಿಕ್ ಸಿಟಿ ಹತ್ರದ ಹೀಲಲಿಗೆಗೆ ಕನಕ. 2020ರಲ್ಲಿ ಒಪ್ಪಿಗೆ ಸಿಕ್ತು, 2022ರ ಜೂನಲ್ಲಿ ಪ್ರಧಾನಿ ಬಂದು ಅಡಿಗಲ್ಲು ಹಾಕಿದರು. ನಮ್ಮ ಹಿತ್ತಿಲ ಸಂಪಿಗೆ ಗಿಡ ನೆಟ್ಟ ಎಂಟನೇ ವರ್ಷಕ್ಕೆ ಹೂ ಬಿಡ್ತು, ಈ ಸಂಪಿಗೆ ಯಾವಾಗಲೋ.

ಮೆಟ್ರೋದಲ್ಲಿ ನಮ್ಮ ಕಡೆಯವರ ಪುಣ್ಯ ಸ್ವಲ್ಪ ತೆರೀತಾ ಇದೆ. 2023ರ ಮಾರ್ಚಲ್ಲಿ ಕೆ.ಆರ್. ಪುರದಿಂದ ಕಾಡುಗೋಡಿಗೆ ನೇರಳೆ ಮಾರ್ಗ ಬಂತು, ಅಕ್ಟೋಬರ್ 9ಕ್ಕೆ ನಡುವಿನ ತುಂಡೂ ಸೇರಿ ಮೆಜೆಸ್ಟಿಕ್ ತನಕ ಒಂದೇ ರೈಲಾಯ್ತು. ಅತ್ತೆ ಇದ್ದಿದ್ರೆ "ಬೆಂಗ್ಳೂರು ಇಷ್ಟು ಹತ್ರ ಬಂದ್ಬಿಡ್ತಾ" ಅನ್ನೋರು. 2025ರ ಆಗಸ್ಟಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂತು, ಡ್ರೈವರಿಲ್ಲದೆ ಓಡಬಲ್ಲ ರೈಲು. ಈಗ ಏರ್‌ಪೋರ್ಟಿಗೆ ಹೋಗೋ ನೀಲಿ ಮಾರ್ಗದ ಕಂಬ ರಿಂಗ್ ರೋಡುದ್ದಕ್ಕೂ ನಿಂತಿದೆ. ಸಿಲ್ಕ್ ಬೋರ್ಡಿಂದ ಕೆ.ಆರ್. ಪುರ, ಅಲ್ಲಿಂದ ಹೆಬ್ಬಾಳ, ಏರ್‌ಪೋರ್ಟು, ಒಟ್ಟು 58 ಕಿಲೋಮೀಟರು. 2021ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದ್ದು. ನಾನು ಇದನ್ನ ಬರೆಯೋ ಹೊತ್ತಿಗೆ ಇನ್ನೂ ಓಡಿಲ್ಲ. ಆದರೆ ಈ ನೀಲಿ ಮಾರ್ಗದ ದಾರಿ ನೋಡಿ ನನಗೆ ಸಮಾಧಾನ ಆಯ್ತು. ಅದು ಮೆಜೆಸ್ಟಿಕ್ಕಿಗೂ ಹೋಗಲ್ಲ, ಎಂ.ಜಿ. ರೋಡಿಗೂ ಹೋಗಲ್ಲ. ಜನ ದಿನಾ ಕೆಲಸಕ್ಕೆ ಹೋಗೋ ರಿಂಗ್ ರೋಡಲ್ಲೇ ಹೋಗುತ್ತೆ. ಆಫೀಸಿನವರು, ಮನೆಗೆಲಸದವರು, ಸೆಕ್ಯುರಿಟಿ ಗಾರ್ಡುಗಳು ಹತ್ತಿ ಇಳಿಯೋ ರೈಲಿನ ಕೊನೇ ಸ್ಟಾಪಾಗಿ ಏರ್‌ಪೋರ್ಟು ಇರುತ್ತೆ. ಮೇಲೆ ಹೇಳಿದ್ನಲ್ಲ, ಬಸ್ಸಿನ ದಾರೀಲಿ ಏರ್‌ಪೋರ್ಟು ಇರೋದು ಅಂತ, ಆ ಥರ.

ಅಲ್ಲೀತನಕ ಹೆಂಗಸರ ಲೆಕ್ಕ ಇನ್ನೊಂದಿದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಮಾಮೂಲಿ ಬಸ್ಸಲ್ಲಿ ನಮಗೆ ಟಿಕೆಟ್ಟಿಗೆ ಕಾಸಿಲ್ಲ. ಎಸಿ ಬಸ್ಸಿಗೆ ಅದು ನಡೆಯಲ್ಲ, ವಾಯು ವಜ್ರಕ್ಕೂ ನಡೆಯಲ್ಲ. 2025ರ ಜನವರೀಲಿ ಬಸ್ ದರ ನೂರಕ್ಕೆ ಹದಿನೈದು ಏರಿತು ಬೇರೆ. ಕೊಡಬಲ್ಲೋರು ಕೊಡಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಸಲ ಬೆಳಗಿನ ಜಾವ ಹೆಬ್ಬಾಳದಿಂದ ದೇವನಹಳ್ಳಿ ಕಡೆಯ ಮಾಮೂಲಿ ಬಸ್ಸು ಹತ್ತಿದ್ದೆ, ಚಿಕ್ಕಬಳ್ಳಾಪುರದಲ್ಲಿ ಒಂದು ಗೃಹಪ್ರವೇಶ ಇತ್ತು. ಪಕ್ಕದಲ್ಲಿ ಕೂತ ಹೆಂಗಸು ಏರ್‌ಪೋರ್ಟಲ್ಲಿ ಕಸ ಗುಡಿಸೋ ಕೆಲಸದೋಳು. ಕೈಯಲ್ಲಿ ಶಕ್ತಿಯ ಗುಲಾಬಿ ಚೀಟಿ. "ಎಸಿ ಬಸ್ಸು ನಮ್ಮ ಮುಂದೇನೇ ಹೋಗುತ್ತಕ್ಕ, ಅದರಲ್ಲಿ ದಿನಾ ಹೋದ್ರೆ ಸಂಬಳ ಎಲ್ಲಾ ಅದಕ್ಕೇ ಸರಿಹೋಗುತ್ತೆ" ಅಂದಳು. ಏರ್‌ಪೋರ್ಟಿಗೆ ತಿರುಗೋ ಕ್ರಾಸಲ್ಲಿ ಇಳಿದು, ಹೈವೇ ಪಕ್ಕ ಇನ್ನೂ ಕತ್ತಲಲ್ಲಿ, ಐದಾರು ಜನದ ಜೊತೆ ನಿಂತ್ಕೊಂಡಳು, ಒಳಗೆ ಹೋಗೋ ಗಾಡಿಗೆ. ವರ್ಷಕ್ಕೆ ನಾಲ್ಕು ಕೋಟಿ ದಾಟಿ ಜನ ಬಂದು ಹೋಗೋ ಜಾಗ ಅದು. ಆ ನೆಲ ಫಳಫಳ ಹೊಳೆಯೋ ಹಾಗೆ ಇಟ್ಟಿರೋರು ಹೈವೇ ಪಕ್ಕ ನಿಂತಿದ್ರು. ವಿಮಾನಪುರದ ಕಾಲದಲ್ಲಿ ಆ ಏರ್‌ಪೋರ್ಟ್ ಗುಡಿಸೋಳೂ, ಅಲ್ಲಿಂದ ಹಾರೋನೂ ಒಂದೇ 335ರಲ್ಲಿ ಬಂದು ಒಂದೇ ಸ್ಟಾಪಲ್ಲಿ ಇಳೀತಿದ್ರು.

ಈ ದಾರೀಲಿ ಹೋಗೋರಿಗೆ ನಾನು ಹೇಳೋದು ಇಷ್ಟು. ಮೆಜೆಸ್ಟಿಕ್ ಕಡೆಯವರು ಕೆಐಎ-9 ಹಿಡೀರಿ, ಅಲ್ಲಿಂದ ಮೆಟ್ರೋ ನೇರಳೆಯೋ ಹಸಿರೋ ನೋಡ್ಕೊಳ್ಳಿ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಕೆಐಎ-8 ಉದ್ದ ಆದ್ರೂ ಇಳಿಯೋ ತಾಪತ್ರಯ ಇಲ್ಲ, ಒಂದು ನಿದ್ದೆ ಆಗುತ್ತೆ. ಪೀಣ್ಯದವರು ಹೆಬ್ಬಾಳದಲ್ಲಿ ಇಳೀರಿ. ನಮ್ಮ ಕಡೆಯವರು ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು ರಿಂಗ್ ರೋಡನ್ನ ನಂಬಬೇಡಿ. ನಾಲ್ಕು ಗಂಟೆ ಮುಂಚೆ ಹೊರಡಿ. ಉಪ್ಪಿನಕಾಯಿ ಕೈಬ್ಯಾಗಲ್ಲಿ ಬಿಡಲ್ಲ, ದೊಡ್ಡ ಬ್ಯಾಗಲ್ಲಿ ಹಾಕಿ ತೂಗೋಕೆ ಕೊಡಬೇಕು. ನನ್ನ ತಂಗಿ ಮಗಳು ಹೇಳಿದ್ದು ಅದು, ದಿನಾ ಎಷ್ಟು ಬಾಟಲು ಮಾವಿನಕಾಯಿ ಗೇಟಲ್ಲೇ ಉಳೀತವೋ ಅಂತ ಅವಳಿಗೇ ಬೇಜಾರು.

ವಾಪಸ್ ಬರ್ತಾ ಮಾಮೂಲಿ ಬಸ್ಸಲ್ಲಿ ಬಂದ್ರೆ ದೇವನಹಳ್ಳಿ ಕಡೆಯ ರಸ್ತೆ ಪಕ್ಕ ಚಕ್ಕೋತ ರಾಶಿ ಹಾಕಿರೋದು ಕಾಣುತ್ತೆ. ಎಸಿ ಬಸ್ಸು ಅಲ್ಲಿ ನಿಲ್ಲಲ್ಲ.